ಇಲ್ಲದ ತಂಗಿಗೆ ಒಂದು ಎಡೆ

ಶ್ರಾವಣದ ಒಂದು ಸೋಮವಾರ ಹಾವೇರಿಯ ಹೆಣ್ಣುಮಕ್ಕಳ ಆಶ್ರಮಕ್ಕೆ ಹೋಳಿಗೆ ಕೊಡಲು ಹೋಗಿದ್ದೆ. ಹರಕೆಯೇನೂ ಇರಲಿಲ್ಲ. ಮನೆಯವರ ಮುರಿದ ಕಾಲು ಕೂಡಿಕೊಂಡಿತ್ತು, ದೇವರ ಹೆಸರಿನಲ್ಲಿ ಏನಾದರೂ ಮಾಡಬೇಕು ಅನ್ನಿಸಿತ್ತು, ಅಷ್ಟೆ. ಡಬ್ಬಿ ಇಸಿದುಕೊಂಡ ಮೇಲ್ವಿಚಾರಕಿ ಹೆಚ್ಚುಕಡಿಮೆ ನನ್ನ ವಯಸ್ಸಿನವಳೇ. ದಣಿದ ಮುಖದಲ್ಲಿ ನಕ್ಕಳು.

"ಹೋಳಿಗಿ ಎಲ್ಲಾರೂ ಕೊಡತಾರ್ರಿ ಅಕ್ಕಾರ. ಶ್ರಾವಣದಾಗ ನಮ್ಮ ಹುಡುಗ್ಯಾರಿಗೆ ತಿಂದು ತಿಂದು ಹೊಟ್ಟಿ ಕೆಡತೈತಿ. ಹದಿನೆಂಟು ತುಂಬಿದಾಕಿನ್ನ ಹೊರಗ ಕಳಸ್ತೀವಲ್ಲ, ಆಕಿಗೆ ತನಗೊಬ್ಬಾಕಿಗೆ ಆಗೂವಷ್ಟು ಅನ್ನಾ ಮಾಡ್ಕೊಳಾಕ ಬರಂಗಿಲ್ಲ. ಅದನ್ನ ಯಾರರ ಕಲಸ್ತಾರೇನ್ರಿ?"

ನಾನು ಸುಮ್ಮನೆ ಎದ್ದು ಬರಬೇಕಿತ್ತು. "ನಾ ಕಲಸ್ತೀನಿ ಬಿಡ್ರಿ" ಎಂದುಬಿಟ್ಟೆ. ನನ್ನ ಬಾಯಿ ಮೊದಲಿಂದಲೂ ಹೀಗೆ, ತಲೆಯನ್ನು ಕೇಳುವುದಿಲ್ಲ.

ಹಾಗೆ ಶುರುವಾಯಿತು. ಆಶ್ರಮದ ಸಮಿತಿಯವರು ಬಂದು ಮನೆ ನೋಡಿದರು, ಮನೆಯವರ ಸಹಿ ತೆಗೆದುಕೊಂಡರು. ಹದಿನೆಂಟು ತುಂಬಲು ಆರು ತಿಂಗಳಿರುವ ಒಬ್ಬ ಹುಡುಗಿಯನ್ನು ರಾಣೆಬೆನ್ನೂರಿನ ನಮ್ಮ ಮನೆಗೆ ಕಳಿಸುತ್ತಾರೆ. ಅವಳಿಗೆ ಒಂಟಿಯಾಗಿ ಬಾಳುವುದನ್ನು ಕಲಿಸಿ ನಾನು ಕಳಿಸಬೇಕು. ಮೊದಲ ಇಬ್ಬರು ಬಂದರು, ಕಲಿತರು, ಹೋದರು. ಒಬ್ಬಳು ಗಂಡನ ಮನೆಗೆ, ಇನ್ನೊಬ್ಬಳು ಹುಬ್ಬಳ್ಳಿಯಲ್ಲಿ ಆಯಾ ಕೆಲಸಕ್ಕೆ. ನಾನು ಹೇಳಹೊರಟಿದ್ದು ಮೂರನೆಯವಳ ವಿಷಯ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನನಗೆ ಐವತ್ತಾಗಿತ್ತು, ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಅವಳು ಬರುವ ಹೊತ್ತಿಗೆ ನನ್ನ ಹುಮ್ಮಸ್ಸು ಮುಗಿದು ಕೆಲಸ ಮಾತ್ರ ಉಳಿದಿತ್ತು. ಹೀಗೆ ಬರೆದರೆ ದೇವರು ಸಿಟ್ಟಾಗಲಾರ, ಅವನಿಗೆ ಗೊತ್ತಿರುವ ಮಾತೇ ಅದು.

ಬಂದ ದಿನ ಅವಳಿಗೆ "ಅನ್ನಕ್ಕಿಡವಾ" ಎಂದು ಹೇಳಿ ಪೂಜೆಗೆ ಕೂತೆ. ಆರತಿ ಮುಗಿಸಿ ಬಂದರೆ ಅಟ್ಟದ ಮೇಲಿದ್ದ ಹಬ್ಬದ ಕೊಳಗ ಇಳಿದು ಒಲೆಯ ಮೇಲೆ ಕೂತಿತ್ತು. ತಿಂಗಳ ಅಕ್ಕಿಯಲ್ಲಿ ಅರ್ಧ ಅದರೊಳಗೆ ಕುದಿಯುತ್ತಿತ್ತು. ಮನೆಯವರು ಬಂದು ಇಣುಕಿ ನೋಡಿದರು.

"ಇವತ್ತ ಯಾರ ಲಗ್ನಾ ಐತಿ? ನನಗ ಯಾರೂ ಹೇಳಲಿಲ್ಲಲ್ಲ!"

ಹುಡುಗಿ ಸೌಟು ಹಿಡಿದು ನಿಂತಿದ್ದಳು. "ನಲವತ್ತೆರಡು ಮಂದಿಗೆ ಎಷ್ಟಂತ ಗೊತ್ತೈತ್ರಿ. ಮೂರು ಮಂದಿಗೆ ಗೊತ್ತಿಲ್ರಿ" ಎಂದಳು. ನಾಚಿಕೆಯಿಂದಲ್ಲ, ಇದ್ದ ವಿಷಯ ಹೇಳುವ ಹಾಗೆ. ಆ ಅನ್ನವನ್ನು ಎರಡು ದಿನ ಚಿತ್ರಾನ್ನ, ಮೊಸರನ್ನ ಮಾಡಿ ತಿಂದೆವು. ಉಳಿದದ್ದು ಪಕ್ಕದ ಮನೆಯ ಎಮ್ಮೆಗೆ ಹೋಯಿತು. ಎಮ್ಮೆಯ ಪುಣ್ಯ.

ಅವಳು ಒಳ್ಳೆಯ ಹುಡುಗಿ. ಹೊಲಿಗೆ ಬಲು ಅಚ್ಚುಕಟ್ಟು, ಆಶ್ರಮದಲ್ಲಿ ಕಲಿತದ್ದು. ಆದರೆ ಗಂಟೆ ಬಾರಿಸದೆ ಅವಳ ದಿನ ಮುಂದೆ ಹೋಗುತ್ತಿರಲಿಲ್ಲ. ಯಾರಾದರೂ ಕರೆಯುವ ತನಕ ಎಚ್ಚರವಿದ್ದೂ ಹಾಸಿಗೆಯಲ್ಲೇ ಇರುತ್ತಿದ್ದಳು. ಅಡುಗೆಮನೆಯಲ್ಲೇ ನಿಂತು "ಅಮ್ಮಾರ, ನೀರು ಕುಡೀಲೇನ್ರಿ?" ಎಂದು ಕೇಳುತ್ತಿದ್ದಳು. ದಿನಕ್ಕೆ ಎಷ್ಟು ಸಲ "ಕುಡಿಯವಾ, ಕೇಳಬ್ಯಾಡ" ಅಂದೆನೋ. ಸಂತೆಯಲ್ಲಿ ಹೇಳಿದ ಬೆಲೆಗೇ ಬದನೆಕಾಯಿ ತರುತ್ತಿದ್ದಳು. "ಹೆಚ್ಚಾತು ಅಂತ ಅಂದು ತಿರುಗಿ ನಡದುಬಿಡು, ಅವರ ಕರೀತಾರ" ಎಂದು ಹೇಳಿಕೊಟ್ಟೆ. ಮರುವಾರ ತಿರುಗಿ ನಡೆದವಳು ಸಂತೆ ದಾಟಿ, ರಸ್ತೆ ದಾಟಿ, ಮನೆಗೇ ಬಂದಳು. ಬದನೆಕಾಯಿ ಇಲ್ಲ.

"ಕರೀಲಿಲ್ಲೇನು ಅಕಿ?"

"ಕರದ್ಲ್ರಿ. ತಿರುಗಿ ಹೋಗ್ಬೇಕಂತ ನೀವ್ ಹೇಳಿರಲಿಲ್ಲ."

ಮನೆಯವರು ನಕ್ಕು ನಕ್ಕು ಕೆಮ್ಮಿದರು. ನನಗೆ ನಗು ಬರಲಿಲ್ಲ. ಒಂದು ಸಲ ಹಾಲು ಉಕ್ಕಿ ಹೋಗುವುದನ್ನು ಅವಳು ನೋಡುತ್ತ ನಿಂತಾಗ "ಅಷ್ಟೂ ತಿಳಿಯಂಗಿಲ್ಲೇನ ನಿನಗ?" ಎಂದು ಚೀರಿದೆ. "ಇಲ್ರಿ" ಅಂದಳು. ಅವಳು ಹೇಳಿದ್ದು ಖರೆ. ಯಾರೂ ಅವಳೆದುರಿಗೆ ಅರ್ಧ ಲೀಟರ್ ಹಾಲು ಕಾಸಿರಲಿಲ್ಲ. ಆ ದಿನ ದೇವರ ಮುಂದೆ ತಪ್ಪು ಕಾಣಿಕೆ ಇಟ್ಟೆ, ಆದರೆ ಅವಳ ಮುಂದೆ ತಪ್ಪಾಯಿತು ಅನ್ನಲಿಲ್ಲ.

ಮೇ ತಿಂಗಳ ಕೊನೆಗೆ ಅವಳ ಆರು ತಿಂಗಳು ಮುಗಿಯುತ್ತಿತ್ತು. ಅಷ್ಟರೊಳಗೆ ಒಂದು ಕೆಲಸ, ಒಂದು ಕೋಣೆ ಆಗಬೇಕು. ಆಗದಿದ್ದರೆ ದೂರದ ಊರಿನ ದೊಡ್ಡ ಹೆಂಗಸರ ನಿಲಯಕ್ಕೆ ಕಳಿಸುತ್ತಾರೆ. ಮತ್ತೆ ಗಂಟೆ, ಮತ್ತೆ ತಾಟು ಹಿಡಿದು ಸಾಲು. ನಮ್ಮಲ್ಲೇ ಇಟ್ಟುಕೊಳ್ಳೋಣವೆಂದರೆ ಇರುವುದು ಎರಡು ಕೋಣೆ, ಮುಂದಿನ ಹುಡುಗಿ ಬರುವವಳಿದ್ದಳು. ಕೆಲಸ ಮೇಲ್ವಿಚಾರಕಿಯೇ ಹುಡುಕಿದಳು. ಬ್ಯಾಡಗಿಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿ. ಉಳಿದದ್ದು ಕೋಣೆ. ಅದು ನನ್ನ ಪಾಲಿಗೆ ಬಂತು.

ಬ್ಯಾಡಗಿಯಲ್ಲಿ ಆಗಿನ್ನೂ ಮೆಣಸಿನಕಾಯಿಯ ಘಾಟು ಇಳಿದಿರಲಿಲ್ಲ. ಬಸ್ಸಿನಿಂದ ಇಳಿದ ಕೂಡಲೇ ಇಬ್ಬರೂ ಸೀನಿದೆವು. ಬಿಸಿಲಲ್ಲಿ ಬೀದಿ ಬೀದಿ ತಿರುಗಿದೆವು. ಐದು ಮನೆಯಲ್ಲಿ ಕೋಣೆ ಖಾಲಿ ಇತ್ತು. ಒಂಟಿ ಹುಡುಗಿ ಎಂದ ಕೂಡಲೇ ಐದೂ ತುಂಬಿಹೋದವು. "ಅವ್ವ ಅಪ್ಪ ಇಲ್ದಾಕಿ ಅಂತೀರಿ, ನಾಳೆ ಏನರ ಆದ್ರ ಯಾರನ್ನ ಕೇಳೂಣ್ರಿ?" ಎಂದು ಒಬ್ಬಾಕೆ ಮುಖದ ಮೇಲೇ ಅಂದಳು. ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಅವಳ ಚಪ್ಪಲಿಯ ಉಂಗುಟ ಕಿತ್ತಿತ್ತು, ಅದಕ್ಕೆ ಪಿನ್ನು ಹಾಕಿಕೊಂಡಿದ್ದಳು. ನನಗೆ ಹೇಳಿರಲಿಲ್ಲ.

ಆರನೆಯ ಮನೆ ಒಬ್ಬ ವಿಧವೆಯದು, ನನಗಿಂತ ಹತ್ತು ವರ್ಷ ಹಿರಿಯಳು. ಅಂಗಳದಲ್ಲಿ ಮೆಣಸಿನಕಾಯಿಯ ಗುಡ್ಡೆ. ನಾಲ್ಕು ಹೆಂಗಸರು ಕೂತು ತೊಟ್ಟು ಬಿಡಿಸುತ್ತಿದ್ದರು. "ಬರ್ರಿ, ಕುಂದ್ರಿ, ನೀರು ಕುಡೀರಿ" ಎಂದು ಬೆಲ್ಲ ಕೊಟ್ಟಳು. ಹುಡುಗಿ ನನ್ನ ಮುಖ ನೋಡಿದಳು. ಕುಡಿ ಎಂದು ಕಣ್ಣು ಮಾಡಿದೆ. ಕೋಣೆ ಸಣ್ಣದು, ಸೊಗಸಾಗಿತ್ತು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಿಡಿಸುವಷ್ಟು ಜಾಗ. ಆಮೇಲೆ ಆಕೆ ಹುಡುಗಿಯ ಕಡೆ ತಿರುಗಿ, ಇಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದಳು.

"ಯಾರ ಪೈಕಿ ಆಗ್ಬೇಕವಾ ನೀನು? ಮನಿದೇವ್ರು ಯಾರು?"

ಆರು ತಿಂಗಳು ಏನೆಲ್ಲ ಕಲಿಸಿದ್ದೆ. ಒಲೆ, ಸಂತೆ, ಬ್ಯಾಂಕಿನ ಅರ್ಜಿ, ಬಸ್ಸಿನ ಬೋರ್ಡು, ಬಾಗಿಲಿಗೆ ಒಳಗಿಂದ ಚಿಲಕ ಹಾಕಿಕೊಳ್ಳುವುದು. ಈ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ. ಹುಡುಗಿ ನನ್ನ ಕಡೆ ತಿರುಗಿದಳು. ತೊಟ್ಟು ಬಿಡಿಸುವ ಹೆಂಗಸರ ಕೈ ನಿಂತವು.

"ನಮ್ಮ ತಂಗಿ ಮಗಳ್ರಿ" ಎಂದೆ ನಾನು. "ತಂಗಿ ತೀರಿಕೊಂಡಾಳ. ನಮ್ಮದೂ ಅವರದೂ ಒಂದ ದೇವ್ರು. ದೇವರಗುಡ್ಡದ ಮಾಲತೇಶ."

"ಅಯ್ಯ ನಮ್ಮವ್ವ! ನಮ್ಮದೂ ಗುಡ್ಡದಪ್ಪನ ಒಕ್ಕಲಾ!" ಆಕೆ ಎದ್ದು ಒಳಗಿಂದ ಭಂಡಾರ ತಂದು ಇಬ್ಬರ ಹಣೆಗೂ ಹಚ್ಚಿದಳು. ಕೋಣೆ ಸಿಕ್ಕಿತು. ಹಣೆಯ ಮೇಲೆ ದೇವರ ಅರಿಶಿನ, ಬಾಯಲ್ಲಿ ಸುಳ್ಳು. ನನಗೆ ತಂಗಿಯೇ ಇಲ್ಲ. ನಾವು ಮೂವರು, ಇಬ್ಬರು ಅಣ್ಣಂದಿರು, ನಾನೇ ಕೊನೆಯವಳು.

ಬಸ್ಸು ಮೋಟೆಬೆನ್ನೂರು ದಾಟಿ ಹೈವೇ ಹಿಡಿದ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು.

"ಅಮ್ಮಾರ, ನಿಮ್ಮ ತಂಗೀಗೆ ಏನಾಗಿತ್ರಿ?"

"ಏನ್ ತಂಗಿ, ಎಲ್ಲಿ ತಂಗಿ? ಬಾಯಿಗೆ ಬಂತು ಅಂದ್ನಿ."

"ಅದು ಗೊತ್ತೈತ್ರಿ. ಅವರ ಕೇಳಿದ್ರ ನಾ ಏನ್ ಹೇಳ್ಲಿ?"

ಹೌದಲ್ಲ. ಪಾಠ ಕಲಿಯುವವಳ ಹಾಗೆ ನನ್ನ ಕಡೆ ತಿರುಗಿ ಕೂತಿದ್ದಳು. "ಹಾವು ಕಡೀತು ಅನ್ನು" ಎಂದೆ.

"ಬ್ಯಾಡ್ರಿ, ಹಾವು ಬ್ಯಾಡ. ಭಾಳ ತ್ರಾಸಾಗತೈತಿ ಅಕಿಗೆ. ಜ್ವರ ಬಂತು ಅನ್ನೂಣ್ರಿ."

"ಆತು, ಜ್ವರ."

"ನಾ ಎಷ್ಟ ವರ್ಷದಾಕಿದ್ನಿ?"

"ಮೂರು ಅನ್ನು. ನೆನಪಿಲ್ಲ ಅಂದ್ರ ನಡೀತೈತಿ."

ಅವಳು ಕಿಟಕಿಯ ಹೊರಗೆ ನೋಡಿದಳು. "ಐದು ಅಂತೀನ್ರಿ" ಎಂದಳು. "ಸ್ವಲ್ಪರ ನೆನಪಿರಲಿ. ಹೊಲಿಗಿ ಮಾಡತಿದ್ಲು ಅಂತೀನಿ. ನನಗ ಕೆಂಪ ಲಂಗಾ ಹೊಲದು ಕೊಟ್ಟಿದ್ಲು ಅಂತೀನಿ. ನಡೀತೈತೇನ್ರಿ?"

ನಡೆಯುತ್ತದೆ ಎಂದೆ. ಇನ್ನೇನು ಅನ್ನಲಿ. ಹಾಗೆ ರಾಣೆಬೆನ್ನೂರು ಬರುವುದರೊಳಗೆ ನನಗೊಬ್ಬ ತಂಗಿ ಹುಟ್ಟಿ, ಮದುವೆಯಾಗಿ, ಲಂಗ ಹೊಲಿದು, ಜ್ವರ ಬಂದು ಸತ್ತಳು. ಇಳಿಯುವಾಗ ನೆನಪಾಗಿ ಹೇಳಿದೆ: "ಇನ್ನ ಮ್ಯಾಲೆ ಅವರ ಮುಂದ ನನಗ ಅಮ್ಮಾರ ಅನಬ್ಯಾಡ. ನಿಮ್ಮವ್ವನ ಅಕ್ಕ ನಾನು. ದೊಡ್ಡವ್ವ ಅನಬೇಕು."

"ಹೂನ್ರಿ, ದೊಡ್ಡವ್ವ" ಎಂದಳು. ಎರಡು ಸಲ ಬಾಯಿಯೊಳಗೇ ಅಂದುಕೊಂಡಳು.

ಮನೆಯವರಿಗೆ ಹೇಳಿದಾಗ ಅವರು ಪೇಪರ್ ಕೆಳಗಿಡದೆ, "ನಾದಿನಿ ಸತ್ತದ್ದು ಈಗ ತಿಳೀತು. ಹುಟ್ಟಿದ್ದರ ಯಾರರ ಹೇಳಬೇಕಿತ್ತು" ಎಂದರು.

ಜೂನಿನಿಂದ ಅವಳು ಬ್ಯಾಡಗಿಯಲ್ಲಿ. ನಾಲ್ಕು ತಿಂಗಳು ಚೆನ್ನಾಗಿ ಹೋದವು, ಅದನ್ನೂ ನೆನೆಯಬೇಕು. ಅವಳು ತಾನೇ ಏಳುತ್ತಿದ್ದಳು, ಯಾರೂ ಕರೆಯದೆ. ಅಂಗಡಿಯವರು ಅವಳ ಹೊಲಿಗೆ ಮೆಚ್ಚಿದರು. ಮನೆಯೊಡತಿ ಅವಳಿಗೆ ಮೊಸರು ಕೊಡುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು, "ತಾಯಿಲ್ಲದ ಕೂಸು" ಎಂದು ಓಣಿಯವರಿಗೆ ತೋರಿಸುತ್ತಿದ್ದಳು. ನಾನು ತಿಂಗಳಿಗೊಮ್ಮೆ ಹೋದಾಗ ಒಕ್ಕಲಿನವಳೆಂದು ಉಪಚಾರ. ಸೋಮವಾರ ಪೂಜೆಯಲ್ಲಿ ಮಾಲತೇಶನ ಪಟದ ಮುಂದೆ ಊದಿನಕಡ್ಡಿ ಹಚ್ಚಿ, ಮುಖ ನೋಡದೆ ಎದ್ದು ಬರುತ್ತಿದ್ದೆ. ಆದರೂ ಹುಡುಗಿಗೆ ಕೋಣೆ ಇತ್ತಲ್ಲ. ಅದೊಂದು ಸಾಕು ಎಂದುಕೊಂಡೆ.

ಮಾರ್ನಮಿ ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಮನೆಯ ಫೋನು ರಿಂಗಾಯಿತು. ಕಿರಾಣಿ ಅಂಗಡಿಯ ಒಂದು ರೂಪಾಯಿ ಹಾಕುವ ಡಬ್ಬಿ ಫೋನಿನಿಂದ ಹುಡುಗಿ ಮಾತಾಡುತ್ತಿದ್ದಳು.

"ದೊಡ್ಡವ್ವ, ನಾಳೆ ಹಿರ್ಯಾರ ಹಬ್ಬ. ಇಲ್ಲಿ ಮನಿ ಅಜ್ಜಿ ನಮ್ಮವ್ವಗ ಎಡಿ ಇಡಬೇಕಂತಾಳ. ಮಗಳಾದಾಕಿ ಇಷ್ಟ ವರ್ಷ ಒಂದ್ ಎಡಿ ಇಟ್ಟಿಲ್ಲೇನ ಅಂತ ಬೈದ್ಲು. ತಾನ ಹೊಸಾ ಸೀರಿ ತಂದಾಳ, ಅವ್ವನ ಹೆಸರೀಲೆ ಇಡಾಕ. ಏನ್ ಮಾಡ್ಲಿ?"

ಸತ್ತ ಹಿರಿಯರಿಗೆ ಆ ದಿನ ಎಲೆಯ ಮೇಲೆ ಅನ್ನ ಬಡಿಸಿ, ಬಟ್ಟೆ ಇಟ್ಟು ಕರೆಯುವುದು ನಮ್ಮೆಲ್ಲರ ಮನೆಯ ಪದ್ಧತಿ. ನನಗೆ ಅದು ಹೊಳೆದೇ ಇರಲಿಲ್ಲ. ಸತ್ತಳೆಂದು ಹೇಳಿದ ಮೇಲೆ ಎಡೆ ಕೇಳಿಯೇ ಕೇಳುತ್ತಾರೆ. ದಿನವೂ ದೇವರು ದೇವರು ಅನ್ನುವ ನಾನೇ ಮರೆತಿದ್ದೆ.

"ಇಟ್ಟುಬಿಡು" ಎಂದೆ. ಒಲೆಯ ಮೇಲೆ ನಮ್ಮ ಹಬ್ಬದ ಕಡಬಿನ ಹೂರಣವಿತ್ತು. ಸೊಂಟ ನೋಯುತ್ತಿತ್ತು. "ಒಂದ ದಿನದ ಮಾತು. ಕೈ ಮುಗದು ಸುಮ್ನ ಎದ್ದ ಬಾ."

ಆಮೇಲೆ ಅವಳು ಕೇಳಿದಳು: "ನಮ್ಮವ್ವ ಎಲ್ಲ್ಯರ ಜೀವಂತ ಇದ್ರ?"

ಫೋನು ಕಟ್ಟಾಯಿತು. ಒಂದು ರೂಪಾಯಿ ಮುಗಿದಿತ್ತು. ಇನ್ನೊಂದು ಹಾಕುತ್ತಾಳೆಂದು ನಿಂತೇ ಕಾದೆ. ಹೂರಣ ತಳ ಹಿಡಿಯಿತು. ಮತ್ತೆ ಫೋನು ಬರಲಿಲ್ಲ.

ಬದುಕಿದ್ದವರಿಗೆ ಎಡೆ ಇಡುವುದೆಂದರೆ ಸಾವನ್ನು ಹೋಗಿ ಕರೆದಂತೆ. ಇದನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ. ಅವಳನ್ನು ಎರಡು ವರ್ಷದವಳಿದ್ದಾಗ ಹಾವೇರಿಯ ಬಸ್ ನಿಲ್ದಾಣದಲ್ಲಿ ಬಿಟ್ಟು ಹೋಗಿದ್ದರು ಎಂದು ಮೇಲ್ವಿಚಾರಕಿ ಮೊದಲೇ ಹೇಳಿದ್ದಳು. ಬಿಟ್ಟು ಹೋದವಳು ಸತ್ತವಳಲ್ಲ. ಅಮಾವಾಸ್ಯೆಯ ದಿನ ನಮ್ಮ ಅತ್ತೆ ಮಾವನಿಗೆ ಎಡೆ ಇಡುವಾಗ ಒಂದು ಕಡಬು ಹೆಚ್ಚಿಗೆ ಇಟ್ಟೆ. ಅವರು ನನ್ನನ್ನು ಚೆನ್ನಾಗಿ ಬಲ್ಲವರು.

ಮರುದಿನ ಮೊದಲ ಬಸ್ಸು ಹಿಡಿದು ಬ್ಯಾಡಗಿಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿದೆ, ಒಂದೂ ನಿಲ್ಲಲಿಲ್ಲ. ಮನೆಯೊಡತಿ ಅಂಗಳದಲ್ಲೇ ಇದ್ದಳು. ಬರ್ರಿ ಅನ್ನಲಿಲ್ಲ, ಕುಂದ್ರಿ ಅನ್ನಲಿಲ್ಲ.

"ಎಲಿ ಹಾಕಿ, ಕಡಬು ಬಡಿಸಿ, ಸೀರಿ ಬಿಚ್ಚಿ ಇಟ್ಟಿದ್ನಿ" ಎಂದಳು. "ಬಾರವಾ, ನಿಮ್ಮವ್ವನ್ನ ಕರಿ ಅಂದ್ನಿ. ಹೊಚ್ಚಲದಾಗ ನಿಂತ್ಲು, ಒಳಗ ಬರ್ಲಿಲ್ಲ. 'ಅಜ್ಜಿ, ನಮ್ಮವ್ವ ಸತ್ತಾಳೋ ಇದ್ದಾಳೋ ನನಗ ಗೊತ್ತಿಲ್ಲ. ಇದ್ರ, ಅಕಿಗೆ ನನ್ನಿಂದ ಕೆಟ್ಟಾಗೂದು ಬ್ಯಾಡ. ನಾ ಆಶ್ರಮದಾಗ ಬೆಳದಾಕಿ. ಕೋಣಿ ಇವತ್ತ ಬಿಡು ಅಂದ್ರ ಬಿಡತೀನಿ' ಅಂದ್ಲು. ಗಂಟು ಕಟ್ಟಿ ಇಟ್ಟ ಬಂದಿದ್ಲ್ರಿ, ಮೊದಲ!"

ಕಟ್ಟೆಯ ಮೇಲೆ ಕೂತೆ.

"ತಪ್ಪು ನಂದ್ರಿ ಅಕ್ಕಾರ" ಎಂದೆ. "ಸುಳ್ಳು ಹೇಳಿದಾಕಿ ನಾನು. ಅಕಿ ಅಲ್ಲ. ಅಕಿನ್ನ ಹೊರಗ ಹಾಕಬ್ಯಾಡ್ರಿ."

"ಬಸ್ಸಿನ್ಯಾಗಿನ ಕತಿ ಅಕಿ ಹೇಳ್ಯಾಳ. ಮನಿದೇವ್ರರ ಖರೇನೋ, ಅದೂ ಹಂಗ ಹುಟ್ಟಿದ್ದೋ?"

"ಖರೇರಿ. ಗುಡ್ಡದಪ್ಪನ ಒಕ್ಕಲರಿ ನಾವು."

"ಗುಡ್ಡದಪ್ಪನ ಒಕ್ಕಲಾಗಿ, ನನ್ನ ಅಂಗಳದಾಗ ನಿಂತು ಸುಳ್ಳು ಹೇಳಿ, ಭಂಡಾರ ಹಚಗೊಂಡ್ರಿ. ಮೊದಲ ದಿನ ಖರೇ ಹೇಳಿದ್ರ ಕೋಣಿ ಕೊಡತಿದ್ನೋ ಇಲ್ಲೋ, ಅದು ನನಗೂ ಗೊತ್ತಿಲ್ಲ. ಕೊಡತಿದ್ದಿಲ್ಲೇನೋ." ಆಕೆ ಮೊರದಲ್ಲಿದ್ದ ಅಕ್ಕಿಯನ್ನು ಸುಮ್ಮನೆ ಕೇರಿದಳು. "ಆದ್ರ ಬಿಟ್ಟು ಹ್ವಾದ ತಾಯಿ ಸಲುವಾಗಿ ಇದ್ದ ಕೋಣಿ ಬಿಡಾಕ ನಿಂತ್ಲಲ್ಲ, ಅಂಥಾಕಿನ್ನ ಹಬ್ಬದ ದಿನ ಹೊರಗ ಹಾಕಿದ್ರ ನಮ್ಮ ಹಿರ್ಯಾರು ನನ್ನ ಕೈಯಾಗಿನ ಅನ್ನಾ ಉಣ್ಣತಾರೇನ್ರಿ? ಇರ್ಲಿ ಅಂದೇನಿ. ಗಂಟು ಬಿಚ್ಚಿಸೇನಿ. ನೀವು ಮಾತ್ರ ಇನ್ನ ಮ್ಯಾಲೆ ಅಕಿ ಪರವಾಗಿ ಬಾಯಿ ತೆಗೀಬ್ಯಾಡ್ರಿ. ಅಕಿಗೆ ಬಾಯಿ ಐತಿ."

"ಆತ್ರಿ" ಎಂದೆ. ಕೈ ಮುಗಿದೆ. ಆಕೆ ತಿರುಗಿ ನೋಡದೆ ಒಳಗೆ ಹೋದಳು. ಮೊದಲಿನ ಹಾಗೆ ಆಕೆ ನನ್ನನ್ನು ಮತ್ತೆ ಎಂದೂ ಉಪಚರಿಸಲಿಲ್ಲ. ಹೋದಾಗ ನೀರು ಕೊಡುತ್ತಾಳೆ, ಬೆಲ್ಲವಿಲ್ಲ. ಅದು ನನಗೆ ತಕ್ಕದ್ದೇ.

ಹುಡುಗಿ ಅಂಗಡಿಯಿಂದ ಊಟಕ್ಕೆ ಬರುವ ಹೊತ್ತಿನ ತನಕ ಅವಳ ಕೋಣೆಯ ಮುಂದೆ ಕೂತಿದ್ದೆ. ಬಾಗಿಲಿಗೆ ಕೀಲಿ ಇತ್ತು. ಬಂದವಳು ನನ್ನನ್ನು ನೋಡಿ ನಿಂತಳು, ಕೀಲಿ ತೆಗೆದಳು, ಚಾಪೆ ಹಾಸಿದಳು.

"ಬರ್ರಿ, ಅಮ್ಮಾರ" ಎಂದಳು.

ದೊಡ್ಡವ್ವ ಅನ್ನಲಿಲ್ಲ. ನಾಲ್ಕು ತಿಂಗಳಲ್ಲಿ ಆ ಶಬ್ದ ನನ್ನ ಕಿವಿಗೆ ರೂಢಿಯಾಗಿತ್ತು ಎಂದು ಆಗಲೇ ತಿಳಿದದ್ದು. ಹಾಲು ಉಕ್ಕಿದ ದಿನ ಹೇಳಬೇಕಿದ್ದ ಮಾತನ್ನು ಈಗ ಹೇಳಿದೆ. "ತಪ್ಪಾತವಾ ನಂದು. ಎಡಿ ಇಡು ಅಂತ ಅನಬಾರದಿತ್ತು."

"ಇರ್ಲಿ ಬಿಡ್ರಿ" ಎಂದಳು. "ನನಗೂ ಆ ಲಂಗಾ ಹೊಲದಾಕಿ ಮನಸ್ಸಿಗೆ ಸೇರಿದ್ಲ್ರಿ. ಆದ್ರ ಸೀರಿ ಬಿಚ್ಚಿ ಇಟ್ಟದ್ದು ನೋಡಿದ ಮ್ಯಾಲೆ ಹೆದರಿಕಿ ಬಂತು."

ತಾಟು ಒಂದೇ ಇತ್ತು. ಅದನ್ನು ನನಗೆ ಕೊಟ್ಟು, ತಾನು ಪಾತ್ರೆಯ ಮುಚ್ಚಳ ಹಿಡಿದು ಕೂತಳು. ಬೆಳಿಗ್ಗೆ ಮಾಡಿಟ್ಟು ಹೋದ ಅನ್ನ, ಬೇಳೆಸಾರು. ಸಣ್ಣ ಪಾತ್ರೆಯಿಂದ ಅನ್ನವನ್ನು ಸರಿಯಾಗಿ ಎರಡು ಪಾಲು ಮಾಡಿದಳು. ಒಂದು ಅಗುಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಅನ್ನ ಹದವಾಗಿ ಬೆಂದಿತ್ತು. ಹತ್ತು ತುತ್ತಿಗೆ ನನ್ನ ತಾಟು ಖಾಲಿಯಾಯಿತು.

"ಹೊಟ್ಟಿ ತುಂಬ್ತೇನ್ರಿ?"

"ತುಂಬ್ತವಾ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಅಮ್ಮಾರ, ಸುಳ್ಳು" ಎಂದಳು. ಅವಳ ತುಟಿಯ ಅಂಚಿನಲ್ಲಿ ನಗು ಬಂದಿತ್ತು.

"ಇಲ್ಲ, ತುಂಬಿಲ್ಲ" ಎಂದೆ.

"ತುಂಬಿಲ್ಲಂದ್ರೂ ಇಲ್ರಿ. ನನಗೊಬ್ಬಾಕಿಗೆ ಎಷ್ಟ ಬೇಕೋ ಅಷ್ಟ ಮಾಡಿದ್ನಿ."

ಅವಳಿಗೆ ಅಂಗಡಿಗೆ ಹೊತ್ತಾಗಿತ್ತು. ತಾಟು ತೊಳೆದು ಬೋರಲು ಹಾಕಿ, ಕೊಡದಿಂದ ಒಂದು ಲೋಟ ನೀರು ತೆಗೆದು ಯಾರನ್ನೂ ಕೇಳದೆ ಗಟಗಟ ಕುಡಿದು, ಕೀಲಿ ಹಾಕಿದಳು. ಓಣಿಯ ತಿರುವಿನ ತನಕ ಜೊತೆಗೆ ನಡೆದು, ಅಂಗಡಿಯ ಕಡೆ ಹೋದಳು. ನಾನು ಮೊಣಕಾಲು ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಎರಡು ಬಾಳೆಹಣ್ಣು ಕೊಂಡು, ಗುಡ್ಡದಪ್ಪಗೆ ಮನಸ್ಸಿನಲ್ಲೇ ತೋರಿಸಿ, ತಿಂದೆ.